ಪ್ರೊಸೆಸರ್‌ಗೋ, ಗ್ರಾಫಿಕ್ಸ್ ಕಾರ್ಡಿಗೋ?

ಪ್ರಶ್ನೆ: ಬದಿಯಡ್ಕದ ಕಡೆಯವನು ನಾನು. ಯಕ್ಷಗಾನ, ಮದುವೆಗಳ ವಿಡಿಯೋ ತೆಗೆದು ಮನೆಯಲ್ಲೇ ಎಡಿಟ್ ಮಾಡುತ್ತೇನೆ. ಮಗನಿಗೆ ಗೇಮ್ ಆಡಬೇಕು. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್ ಜೋಡಿಸುವಾಗ ಹೆಚ್ಚು ದುಡ್ಡು ಪ್ರೊಸೆಸರ್‌ಗೆ ಹಾಕಲೋ, ಗ್ರಾಫಿಕ್ಸ್ ಕಾರ್ಡಿಗೋ?

ಉತ್ತರ: ಅಂಗಡಿಗೆ ಹೋಗುವ ಮೊದಲು ನಿಮ್ಮ ಕ್ಯಾಮೆರಾದ ಮೆನು ತೆರೆದು ನೋಡಿ. ಎಚ್.265 (ವಿಡಿಯೋವನ್ನು ಕುಗ್ಗಿಸಿಡುವ ವಿಧಾನ), 10 ಬಿಟ್, 4:2:2 (ಎರಡೂ ಬಣ್ಣ ದಾಖಲಿಸುವ ಅಳತೆ) ಎಂದಿದ್ದರೆ ಅರ್ಧ ಉತ್ತರ ಅಲ್ಲೇ ಇದೆ. 4:2:0 ಫೈಲಿಗಿಂತ ಇದರಲ್ಲಿ ಬಣ್ಣದ ವಿವರ ಹೆಚ್ಚು ಉಳಿಯುತ್ತದೆ. ರಂಗದ ಬೆಳಕಿನಲ್ಲಿ ವೇಷದ ಕೆಂಪು ದಗಲೆಯ (ಅಂಗಿಯ) ಅಂಚು ಕದಡಿದಂತೆ ಕಾಣುವುದನ್ನು ನೀವೂ ಗಮನಿಸಿರಬಹುದು; 4:2:2ರಲ್ಲಿ ಆ ಕಾಟ ಕಡಿಮೆ. ಆದರೆ ಈ ಫೈಲನ್ನು ಬಿಡಿಸಿ ತೋರಿಸುವ ವ್ಯವಸ್ಥೆ ಎಲ್ಲ ಚಿಪ್‌ಗಳಲ್ಲಿ ಇಲ್ಲ. ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ 50 ಸರಣಿಗಿಂತ ಹಿಂದಿನವಕ್ಕೆ ಇದು ಬಾರದು. ಆದರೆ ಇಂಟೆಲ್‌ನ 12ನೇ ತಲೆಮಾರಿನ ಮತ್ತು ಅದರ ನಂತರದ ಪ್ರೊಸೆಸರ್‌ಗಳು ತಮ್ಮೊಳಗಿನ ಗ್ರಾಫಿಕ್ಸ್‌ನಿಂದಲೇ ಇದನ್ನು ಸಲೀಸಾಗಿ ಮಾಡುತ್ತವೆ. ಹೆಸರಿನ ಕೊನೆಗೆ 'ಎಫ್' ಇದ್ದರೆ ಆ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಅಗ್ಗಕ್ಕೆ ಸಿಗುತ್ತದೆಂದು ಅದನ್ನು ತಂದು ಟೈಮ್‌ಲೈನ್ ತಡವರಿಸುವಾಗ ತಲೆ ಚಚ್ಚಿಕೊಂಡವರಿದ್ದಾರೆ.

ಹಾಗಾಗಿ ನನ್ನ ಸಲಹೆ: ಪ್ರೊಸೆಸರ್ ಮಧ್ಯಮ ದರ್ಜೆಯದು ಸಾಕು, 'ಎಫ್' ಮಾತ್ರ ಬೇಡ. ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ, ಗೇಮಿನ ವೇಗ ಹೆಚ್ಚಾಗಿ ನಿಂತಿರುವುದು ಅದರ ಮೇಲೆಯೇ. 8 ಜಿಬಿ ಮೆಮೊರಿಯ ಕಾರ್ಡು ಮಗನಿಗೆ ಈಗ ನಡೆದೀತು. 4ಕೆ ವಿಡಿಯೋದಲ್ಲಿ ಕತ್ತಲೆಯ ಕಾಳುಕಾಳು ತೆಗೆಯಲು ಹೊರಟರೆ ನಿಮಗೆ 12 ಅಥವಾ 16 ಬೇಕಾಗುತ್ತದೆ. ರ‍್ಯಾಮ್ 16 ಜಿಬಿಯ ಎರಡು ಪಟ್ಟಿ ಹಾಕಿ, 32ರ ಒಂದೇ ಪಟ್ಟಿ ಬೇಡ.

ಡಿಸ್ಕಿನ ಲೆಕ್ಕವನ್ನು ಜನ ಮರೆಯುತ್ತಾರೆ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ. ಎಂಟು ಗಂಟೆಯ ಇಡೀ ರಾತ್ರಿಯ ಯಕ್ಷಗಾನಕ್ಕೆ 360 ಜಿಬಿ, ಅದೂ ಒಂದೇ ಕ್ಯಾಮೆರಾದ್ದು! ಕೆಲಸಕ್ಕೆ 1 ಟಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಮುಗಿದದ್ದನ್ನು ಇಡಲು ದೊಡ್ಡ ಹಾರ್ಡ್ ಡಿಸ್ಕ್ ಇರಲಿ.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆಯ ವಿಷಯದಲ್ಲಿ ನಾನು ಪಾಠ ಕಲಿತವನು. ಕ್ಯಾಬಿನೆಟ್ ಜತೆಗೆ ಪುಕ್ಕಟೆ ಬಂದದ್ದನ್ನೇ ಹಾಕಿದ್ದೆ. ಆಟಿಯ ಮಳೆಯಲ್ಲಿ ಒಂದು ಸಂಜೆ ಕರೆಂಟು ಹೋಗಿ ಬಂತು, 'ಟಪ್' ಎಂದಿತು, ಸುಟ್ಟ ವಾಸನೆ. ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. 80 ಪ್ಲಸ್ ಮುದ್ರೆ ಎಷ್ಟು ಕರೆಂಟು ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ರಕ್ಷಣೆಯನ್ನಲ್ಲ. ಒಳ್ಳೆಯ ಕಂಪನಿಯದನ್ನು, ವಾರಂಟಿ ವರ್ಷ ನೋಡಿ ಕೊಳ್ಳಿ. ಮನೆಯ ಅರ್ತಿಂಗ್ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಮ್ಮ ಕಡೆ ಗುಡುಗು ಕೇಳಿದೊಡನೆ ಪ್ಲಗ್ ಕೀಳುವ ಅಭ್ಯಾಸ ಎಲ್ಲರಿಗೂ ಇದೆ, ಇಂಟರ್ನೆಟ್‌ನ ಲ್ಯಾನ್ ಕೇಬಲ್ ಕೀಳುವವರು ಕಡಿಮೆ. ಸಿಡಿಲಿಗೆ ಅದೂ ದಾರಿಯೇ.

ಎಲ್ಲ ಜೋಡಿಸಿದ ಮೇಲೂ ಮಗ "ಗೇಮ್ ನಿಂತು ನಿಂತು ಓಡುತ್ತಿದೆ" ಎಂದರೆ ಕ್ಯಾಬಿನೆಟ್‌ನ ಹಿಂಬದಿಗೆ ಟಾರ್ಚ್ ಹಾಕಿ. ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಸಿಕ್ಕಿಸಿರುತ್ತೀರಿ. 'ಎಫ್' ಅಲ್ಲದ ಪ್ರೊಸೆಸರ್ ಆದ್ದರಿಂದ ಚಿತ್ರವೇನೋ ಬರುತ್ತದೆ, ಕೇಬಲ್ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಕೆಳಗಡೆ ಅಡ್ಡಕ್ಕಿರುವ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೆ ಬದಲಿಸಿ.