ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಬರುವ ನಡುವಿನ ಹತ್ತು ನಿಮಿಷ

ಪ್ರಶ್ನೆ: ನಾನು ಕೌನ್ಸೆಲರ್. ದಿನಕ್ಕೆ ಆರೇಳು ಜನರನ್ನು ನೋಡುತ್ತೇನೆ. ಸಂಜೆ ಹೊತ್ತಿಗೆ ತಲೆ ಮರಗಟ್ಟಿದ ಹಾಗೆ ಆಗಿರುತ್ತದೆ. ಮನೆಯಲ್ಲಿ ಮಗಳು ಮಾತಾಡಿಸಿದರೂ ಬೇಡ ಅನ್ನಿಸುತ್ತದೆ. ಎಲ್ಲರೂ ಯೋಗ ಮಾಡು, ಎಲ್ಲಾದರೂ ಸುತ್ತಾಡಿಕೊಂಡು ಬಾ ಅಂತಾರೆ. ಅದಕ್ಕೆಲ್ಲ ಟೈಮ್ ಎಲ್ಲಿದೆ? ಕೆಲಸದ ನಡುವೆಯೇ ಏನಾದರೂ ಮಾಡಬಹುದಾ? ಕ್ಲೈಂಟ್ ಎದುರು ನೀರು ಕುಡಿಯುವುದಕ್ಕೂ ನನಗೆ ಸಂಕೋಚ.

ಮಾಡಬಹುದು. ಮೊದಲು ನಿಮ್ಮ ಅಪಾಯಿಂಟ್‌ಮೆಂಟ್ ಡೈರಿ ತೆಗೆಯಿರಿ. ಹತ್ತಕ್ಕೆ ಒಬ್ಬರು, ಹನ್ನೊಂದಕ್ಕೆ ಒಬ್ಬರು, ಹನ್ನೆರಡಕ್ಕೆ ಇನ್ನೊಬ್ಬರು ಅಂತ ಇದೆ, ಅಲ್ವಾ? ಸೆಷನ್ ಅಂದರೆ 50 ನಿಮಿಷ ಅಂತ ನಾವೆಲ್ಲ ಕಲಿತವರೇ. ಹಾಗಾದರೆ ಪ್ರತಿ ಗಂಟೆಯಲ್ಲೂ ಉಳಿಯಬೇಕಾದ ಆ ಹತ್ತು ನಿಮಿಷ ಎಲ್ಲಿಗೆ ಹೋಗುತ್ತಿದೆ?

ನನ್ನ ಕಥೆ ಹೇಳುತ್ತೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಒಂದು ಶನಿವಾರ ಬೆನ್ನುಬೆನ್ನಿಗೆ ಐದು ಸೆಷನ್. ನಾಲ್ಕನೆಯವರು ಬಂದು ಕೂತರು. "ತಂಗಿ ಮದುವೆ ಮಾತುಕತೆ ಎಲ್ಲಿಗೆ ಬಂತು?" ಅಂತ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ನನಗೆ ತಂಗಿ ಇಲ್ಲ ಮೇಡಂ" ಅಂದರು.

ತಂಗಿ ಮೂರನೆಯವರಿಗೆ ಇದ್ದದ್ದು. ಎದುರಿಗಿದ್ದವರಿಗೆ ನೋವು ಮಾಡಿದ್ದಲ್ಲದೆ ಇನ್ನೊಬ್ಬರ ಮನೆ ವಿಷಯವನ್ನೂ ಅರ್ಧ ಹೊರಗೆ ಬಿಟ್ಟಿದ್ದೆ. ಅವತ್ತು ನಾನು ಅಸಡ್ಡೆಯಿಂದ ಕೂತಿರಲಿಲ್ಲ. ಜಾಸ್ತಿ ಶ್ರದ್ಧೆಯಿಂದಲೇ ಕೂತಿದ್ದೆ. ಮೂರನೆಯವರು ಕೋಣೆಯಿಂದ ಹೋಗಿದ್ದರು, ನನ್ನ ತಲೆಯಿಂದ ಇನ್ನೂ ಹೋಗಿರಲಿಲ್ಲ. ಅಂದಿನಿಂದ ಆ ಹತ್ತು ನಿಮಿಷವನ್ನು ನಾನು ವಿರಾಮ ಅಂತ ಕರೆಯುವುದಿಲ್ಲ. ಅದೂ ಕೆಲಸವೇ. ಕೊಡುವ ಫೀಸಿನಲ್ಲಿ ಅದೂ ಸೇರಿದೆ.

ಆ ಹತ್ತು ನಿಮಿಷವನ್ನು ತಿನ್ನುವುದು ಹೆಚ್ಚಾಗಿ ಬಾಗಿಲ ಬಳಿಯ ಮಾತು. ನಿಮಗೂ ಗೊತ್ತಿರುತ್ತದೆ. 49 ನಿಮಿಷ ಆಫೀಸು, ಟ್ರಾಫಿಕ್ಕು ಅಂತ ಮಾತಾಡಿ, ಎದ್ದು ಬಾಗಿಲ ಹಿಡಿಗೆ ಕೈ ಹಾಕಿದ ಮೇಲೆ, "ಅಂದ ಹಾಗೆ, ನಾವಿಬ್ಬರೂ ಬೇರೆಯಾಗಬೇಕು ಅಂತಿದ್ದೇವೆ" ಅಂತಾರೆ. ತಕ್ಷಣ ನಾವು ಮತ್ತೆ ಕೂರಿಸಿಬಿಡುತ್ತೇವೆ. ಕೂರಿಸಬೇಡಿ. "ಇದು ದೊಡ್ಡ ವಿಷಯ, ಮುಂದಿನ ಸಲ ಇದರಿಂದಲೇ ಶುರು ಮಾಡೋಣ" ಅನ್ನಿ. ಕೊನೆಗೆ ಹೇಳಲು ಅವರಿಗೂ ಒಂದು ಕಾರಣ ಇರುತ್ತದೆ, ಆಗ ಹೇಳಿದರೆ ಚರ್ಚೆ ಮಾಡಬೇಕಾಗಿಲ್ಲ ನೋಡಿ. ಆದರೆ ಬಾಗಿಲಲ್ಲಿ ನಿಂತು ಸಾಯುವ ಮಾತಾಡಿದರೆ ಈ ನಿಯಮ ಇಲ್ಲ. ಆಗ ಕೂರಿಸಲೇಬೇಕು, ಮುಂದಿನವರು ಕಾಯಲಿ.

ಸರಿ, ಹತ್ತು ನಿಮಿಷ ಸಿಕ್ಕಿತು. ಮೊದಲು ಎದ್ದು ನಿಲ್ಲಿ. ಗಮನವಿಟ್ಟು ಕೇಳುವಾಗ ನಮಗೆ ಗೊತ್ತಿಲ್ಲದೇ ಎದುರಿನವರ ಮೈಭಂಗಿ ನಮಗೂ ಬಂದಿರುತ್ತದೆ. ಅವರು ಭುಜ ಕುಗ್ಗಿಸಿ ಕೂತರೆ ನಾವೂ ಕುಗ್ಗಿರುತ್ತೇವೆ. ಅವರ ಉಸಿರು ಮೇಲುಮೇಲಕ್ಕಿದ್ದರೆ ನಮ್ಮದೂ ಹಾಗೇ. ಅವರ ಸಂಕಟ ಅರ್ಥವಾಗುವುದು ಸ್ವಲ್ಪಮಟ್ಟಿಗೆ ಈ ದಾರಿಯಲ್ಲೇ, ಹಾಗಾಗಿ ತಪ್ಪೇನಿಲ್ಲ. ಆದರೆ ಅದೇ ಭಂಗಿಯಲ್ಲಿ ಮುಂದಿನವರಿಗೆ ಬಾಗಿಲು ತೆಗೆಯಬಾರದು. ಭುಜ ಹಿಂದಕ್ಕೆ ಎಳೆಯಿರಿ, ಕಿಟಕಿ ತನಕ ನಡೆಯಿರಿ, ದೂರದ ಮರವನ್ನೋ ನೀರಿನ ಟ್ಯಾಂಕನ್ನೋ ನೋಡಿ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಹೊರಗೆ ಹೋಗುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಐದಾರು ಸಲ ಸಾಕು. ಬಾತ್‌ರೂಮಿಗೆ ಹೋಗಿ. ನಗಬೇಡಿ, ನಮ್ಮಲ್ಲಿ ಎಷ್ಟೋ ಜನ ಮಧ್ಯಾಹ್ನದವರೆಗೆ ತಡೆದುಕೊಂಡೇ ಇರುತ್ತಾರೆ.

ಆಮೇಲೆ ಎರಡು ಸಾಲು ಬರೆಯಿರಿ. ಪೂರ್ತಿ ನೋಟ್ಸ್ ಅಲ್ಲ. ಏನು ಮಾತಾಡಿದೆವು, ಮುಂದಿನ ಸಲ ಎಲ್ಲಿಂದ ಶುರು, ಇಷ್ಟೇ. ಬರೆದಿಟ್ಟದ್ದನ್ನು ತಲೆ ಹಿಡಿದುಕೊಂಡು ಕೂರಬೇಕಾಗಿಲ್ಲ.

ಕೊನೆಗೆ ಕೈ ಮುಖ ತೊಳೆಯಿರಿ. ನಮ್ಮ ಊರುಗಳಲ್ಲಿ ಸಾವಿನ ಮನೆಗೆ ಹೋಗಿ ಬಂದವರು ನೀರು ಹಾಕಿಕೊಂಡೇ ಒಳಗೆ ಬರುತ್ತಾರಲ್ಲ, ನನಗೆ ಅದೇ ನೆನಪಾಗುತ್ತದೆ. ಕ್ಲೈಂಟ್ ಮೈಲಿಗೆ ಅಂತ ಖಂಡಿತ ಅಲ್ಲ. ಅಲ್ಲಿದ್ದದ್ದು ಮುಗಿಯಿತು, ಇನ್ನು ಇಲ್ಲಿ ಅಂತ ಮೈಗೆ ತಿಳಿಸಲು ತಣ್ಣೀರಿನಷ್ಟು ಸುಲಭದ್ದು ನನಗೆ ಬೇರೆ ಸಿಕ್ಕಿಲ್ಲ. ಸಂಜೆ ಮಗಳ ಹತ್ತಿರ ಹೋಗುವ ಮುಂಚೆಯೂ ಮಾಡಿ ನೋಡಿ.

ವಿಡಿಯೋ ಸೆಷನ್ ಇದ್ದರೆ ಪರದೆಯಲ್ಲಿ ನಿಮ್ಮದೇ ಮುಖ ಕಾಣದಂತೆ ಸೆಟ್ಟಿಂಗ್ ಬದಲಿಸಿ. ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸುವುದನ್ನು ತಡೆದುಕೊಳ್ಳಲಾರೆ ಅಂತ ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1913ರಲ್ಲೇ ಬರೆದಿದ್ದ. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಅವರಿಗೆ ಕಾಣದಂತೆ ಹಿಂದೆ ಕೂರಲು ತನಗಿದ್ದ ಕಾರಣಗಳಲ್ಲಿ ಅದೂ ಒಂದು ಅಂತ ಒಪ್ಪಿಕೊಂಡಿದ್ದ. ನಾವೋ, ನಮ್ಮನ್ನು ನಾವೇ ದಿಟ್ಟಿಸಿಕೊಂಡು ಕೂತಿರುತ್ತೇವೆ.

ಡೈರಿಯಲ್ಲಿ ಇನ್ನೊಂದು ಬದಲಾವಣೆ. ಎರಡು ಭಾರದ ಸೆಷನ್‌ಗಳನ್ನು ಪಕ್ಕಪಕ್ಕ ಇಡಬೇಡಿ. ದೌರ್ಜನ್ಯದ ಕಥೆ ಕೇಳಿದ ಮೇಲೆ ಊಟದ ಹೊತ್ತು ಬರಲಿ. ಆ ಊಟವನ್ನು ಲ್ಯಾಪ್‌ಟಾಪ್ ಎದುರು ಡಬ್ಬಿಯಿಂದಲೇ ತಿನ್ನಬೇಡಿ, ಮೊಸರನ್ನವಾದರೂ ತಟ್ಟೆಗೆ ಹಾಕಿಕೊಂಡು ತಿನ್ನಿ.

ಇಷ್ಟೆಲ್ಲ ಹೇಳಿದರೂ ಒಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ಕೆಲವು ಸಂಸ್ಥೆಗಳು ದಿನಕ್ಕೆ ಎಂಟೊಂಬತ್ತು ಸೆಷನ್ ಹೇರಿ, ಆಮೇಲೆ ಸಿಬ್ಬಂದಿಗೆ ಸೆಲ್ಫ್ ಕೇರ್ ಬಗ್ಗೆ ವರ್ಕ್‌ಶಾಪ್ ಮಾಡುತ್ತವೆ. ಇದು ನನಗೆ ಸಿಟ್ಟು ಬರಿಸುತ್ತದೆ. 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಬರ್ನ್‌ಔಟ್ ಬಗ್ಗೆ, ಅಂದರೆ ಕೆಲಸದಿಂದಲೇ ಪೂರ್ತಿ ಬಸವಳಿದುಹೋಗುವುದರ ಬಗ್ಗೆ ಬರೆದಾಗ ಅವರ ಕಣ್ಣೆದುರು ಇದ್ದವರು ಉಚಿತ ಕ್ಲಿನಿಕ್‌ನಲ್ಲಿ ದುಡಿದು ಸುಸ್ತಾದವರು, ಸ್ವತಃ ಫ್ರಾಯ್ಡನ್‌ಬರ್ಗರ್ ಕೂಡ ಸೇರಿ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟ್ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ, ಕಾಯಿಲೆಯಲ್ಲ ಅಂತ ಸ್ಪಷ್ಟ ಮಾಡಿತು. ಲೋಡ್ ಜಾಸ್ತಿ ಇದ್ದರೆ ಕಡಿಮೆ ಮಾಡಬೇಕಾದದ್ದು ಲೋಡನ್ನೇ. ಕೇಳಿ. ಒಂದು ಸೆಷನ್ ಕಡಿಮೆಯಾದರೂ ಗೆದ್ದ ಹಾಗೆ.

ಒಬ್ಬರೇ ಹೊತ್ತುಕೊಳ್ಳಲೂ ಬೇಡಿ. ಕಲಿಯುವಾಗ ಸೂಪರ್‌ವೈಸರ್ ಇರುತ್ತಾರೆ, ಸ್ವಂತ ಬೋರ್ಡು ಹಾಕಿದ ಮೇಲೆ ಕೇಳುವವರಿಲ್ಲ. ಮನೆಯವರ ಹತ್ತಿರ ಹೇಳುವ ಹಾಗಿಲ್ಲ. ವಾರಕ್ಕೊಮ್ಮೆ ಒಬ್ಬ ಸಹೋದ್ಯೋಗಿಗೆ ಹೆಸರು ಗುರುತು ಬಿಟ್ಟು, "ಇವತ್ತು ನನಗೆ ಹೀಗಾಯಿತು" ಅಂತ ಹೇಳಿಕೊಳ್ಳಿ. ಕ್ಲೈಂಟ್ ಬರಲ್ಲ ಅಂದಾಗ ಸುಮ್ನೆ ಒಂದು ಖುಷಿಯಾಗುವುದು ಎಲ್ಲರಿಗೂ ಇದ್ದದ್ದೇ. ಅವರ ಕಥೆ ನಿಮ್ಮ ಕನಸಿಗೆ ಬರತೊಡಗಿದರೆ, ಅಳುವವರನ್ನು ನೋಡಿದರೂ ಏನೂ ಅನ್ನಿಸದಿದ್ದರೆ, ನೀವೂ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುವ ಹೊತ್ತಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನಾವು ಎಲ್ಲರಿಗೂ ಕೊಡುತ್ತೇವೆ. ಕನ್ನಡದಲ್ಲೇ, ಯಾವ ಹೊತ್ತಿಗೆ ಬೇಕಾದರೂ ಮಾತಾಡುತ್ತಾರೆ. ಕೌನ್ಸೆಲರ್‌ಗಳು ಫೋನ್ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ.

ನೀರಿನ ವಿಷಯ ಮರೆತೆ. ಕುಡಿಯಿರಿ. ಎರಡು ಲೋಟ ಇಡಿ, ಒಂದು ಅವರಿಗೆ. ನೀವು ಕುಡಿದರೆ ಅವರೂ ಸಂಕೋಚ ಬಿಟ್ಟು ಕುಡಿಯುತ್ತಾರೆ. ಅವರು ಅಳುತ್ತಿರುವಾಗ ಮಾತ್ರ ಲೋಟಕ್ಕೆ ಕೈ ಹಾಕಬೇಡಿ.