ಅರ್ಧ ಸಾಲಿನ ಹಾಡು

ಬೆಳಿಗ್ಗೆ ಏಳೂವರೆಗೆ ಧಾರವಾಡದ ನಮ್ಮ ಓಣಿಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ಬಕೆಟ್ ಖಾಲಿ ಮಾಡಿ ಒಳಗೆ ಬರುವಷ್ಟರಲ್ಲಿ ಗಾಡಿ ಮೂಲೆ ತಿರುಗಿರುತ್ತದೆ, ಪಲ್ಲವಿ ಅರ್ಧ ಸಾಲಿಗೇ ಕೇಳಿಸದಂತಾಗುತ್ತದೆ. ಗಾಡಿ ಹೋದರೂ ಹಾಡು ಹೋಗುವುದಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿರುತ್ತಾಳೆ; ಹಿಟ್ಟಿನ ಮೇಲೆ ಅಂಗೈ ಬೀಳುವ ಲಯಕ್ಕೆ ಸರಿಯಾಗಿ ಅದೇ ಅರ್ಧ ಸಾಲು ಅವಳ ತುಟಿಯ ಮೇಲೆ. ನಾನು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟುವವರೆಗೂ ಅದು ನನ್ನ ಬೆನ್ನು ಬಿಡುವುದಿಲ್ಲ.

ಜರ್ಮನರು ಇದನ್ನು ‘ಕಿವಿಹುಳ’ ಎನ್ನುತ್ತಾರೆ. ಫಿನ್ಲೆಂಡಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದಾಗ ಸುಮಾರು ಶೇ. 90ರಷ್ಟು ಮಂದಿ ವಾರಕ್ಕೆ ಒಮ್ಮೆಯಾದರೂ ಹೀಗಾಗುತ್ತದೆ ಎಂದರು. ಆದರೂ ಹುಳ ಎಂಬ ಹೆಸರು ನನಗೆ ಒಪ್ಪಿಗೆಯಿಲ್ಲ. ಹುಳ ಹೊರಗಿನಿಂದ ಬಂದು ಕೊರೆಯುವಂಥದ್ದು. ಇಲ್ಲಿ ಹಾಡುತ್ತಿರುವುದು ನಮ್ಮದೇ ಮೆದುಳು. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಹಾಡುಗಳ ನಡುನಡುವೆ ಒಂದಷ್ಟು ತುಣುಕನ್ನು ಅಳಿಸಿ, ಆ ಜಾಗವನ್ನು ಮೌನವಾಗಿ ಬಿಟ್ಟು ಕೇಳಿಸಿದರು. ಪರಿಚಿತ ಹಾಡಾಗಿದ್ದರೆ ಆ ಮೌನದಲ್ಲೂ ಕೇಳುಗರ ಮೆದುಳಿನ ಶ್ರವಣ ಭಾಗ ಕೆಲಸ ನಿಲ್ಲಿಸಲಿಲ್ಲ. ಬಿಟ್ಟ ಸಾಲನ್ನು ಅದು ತಾನೇ ತುಂಬಿಕೊಂಡಿತು.

ಹಾಗಾದರೆ ಅರ್ಧಕ್ಕೆ ನಿಂತದ್ದರಿಂದಲೇ ಹಾಡು ಕಾಡುತ್ತದೆಯೇ? ಮುಗಿಸದೆ ಬಿಟ್ಟ ಕೆಲಸ ಮುಗಿಸಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಬರೆದಿದ್ದರು. ಮನಸ್ಸಿಗೆ ಹಿಡಿಸುವ ವಿವರಣೆ. ಆದರೆ ಹಾಡುಗಳ ವಿಷಯದಲ್ಲಿ ಪ್ರಯೋಗಗಳು ಇದಕ್ಕೆ ಗಟ್ಟಿಯಾದ ಬೆಂಬಲ ಕೊಟ್ಟಿಲ್ಲ. ಹೆಚ್ಚು ಗಟ್ಟಿಯಾಗಿ ನಿಂತಿರುವ ಕಾರಣ ಇನ್ನೊಂದಿದೆ: ಈಚೆಗೆ ಕೇಳಿದ, ಬಲ್ಲ ಹಾಡು, ಮತ್ತು ಬಿಡುವಾಗಿರುವ ಮನಸ್ಸು. ಕೈಗೆ ರೂಢಿಯಾದ ಕೆಲಸ ನಡೆದಿರುವಾಗ ಹಾಡಿಗೆ ಜಾಗ ಸಿಗುತ್ತದೆ. ರೊಟ್ಟಿ ಬಡಿಯುವಾಗ, ಬಸ್ಸಿನ ಕಿಟಕಿಯಾಚೆ ನವನಗರ, ಉಣಕಲ್ ಹಾದುಹೋಗುವಾಗ ಆಗುವುದು ಇದೇ.

ನನ್ನನ್ನು ನಿಜಕ್ಕೂ ಬೆರಗಾಗಿಸಿದ್ದು 2024ರ ಒಂದು ಅಧ್ಯಯನ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನ ಸಂಶೋಧಕರು ಮೂವತ್ತು ಜನರಿಗೆ, ತಲೆಯಲ್ಲಿ ಓಡುತ್ತಿರುವ ಹಾಡನ್ನು ಆಗಿಂದಾಗ ಮೊಬೈಲಿಗೆ ಹಾಡಿ ಕಳಿಸಲು ಹೇಳಿದರು. ಆ ತುಣುಕುಗಳಲ್ಲಿ ಶೇ. 44.7ರಷ್ಟು ಮೂಲ ಹಾಡಿನ ಶ್ರುತಿಯಲ್ಲೇ ಇದ್ದವು, ಶೇ. 68.9ರಷ್ಟು ಅರ್ಧ ಸ್ವರಕ್ಕಿಂತ ಆಚೆ ಸರಿದಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ಹಾಡಿದ ಈ ಊರುಗಳಲ್ಲಿ ಶ್ರುತಿ ಎಂದರೆ ಏನೆಂದು ವಿವರಿಸಬೇಕಿಲ್ಲ. ತಂಬೂರಿ ಇಲ್ಲ, ಗುರುವಿಲ್ಲ, ಎದುರಿಗೆ ಕೇಳುವವರಿಲ್ಲ. ಆದರೂ ಎಷ್ಟೋ ಸಲ ಷಡ್ಜ ತನ್ನ ಜಾಗದಲ್ಲೇ ಕುಳಿತಿರುತ್ತದೆ. ‘ನನಗೆ ಸಂಗೀತ ಬರುವುದಿಲ್ಲ’ ಎನ್ನುವವರು ಈ ಮಾತನ್ನು ಒಮ್ಮೆ ಕೇಳಬೇಕು.

ಮರುಕಳಿಸುವುದು ನೆನಪಿನ ಕೆಲಸವೂ ಹೌದು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಹೊಸ ಸಂಗೀತದ ತುಣುಕಿನೊಂದಿಗೆ ಚಲನಚಿತ್ರದ ದೃಶ್ಯಗಳನ್ನು ತೋರಿಸಿದ್ದರು. ಆ ತುಣುಕು ಯಾರ ತಲೆಯಲ್ಲಿ ಹೆಚ್ಚು ಸಲ ಓಡಿತೋ ಅವರಿಗೆ ದೃಶ್ಯದ ವಿವರಗಳೂ ಹೆಚ್ಚು ನೆನಪಿದ್ದವು. ಗದಗಿನ ವೀರೇಶ್ವರ ಪುಣ್ಯಾಶ್ರಮ ನನಗೆ ನೆನಪಾಗುವುದು ಇಲ್ಲಿಯೇ. ಪುಟ್ಟರಾಜ ಗವಾಯಿಗಳಂತೆ ಕಣ್ಣು ಕಾಣದ ಎಷ್ಟೋ ಮಕ್ಕಳು ಅಲ್ಲಿ ಕಿವಿಯಿಂದಲೇ ರಾಗ ಕಲಿತಿದ್ದಾರೆ. ಗುರು ಹೇಳಿಕೊಟ್ಟ ಮುಖಡಾ, ಅಂದರೆ ಹಾಡಿನ ಮೊದಲ ಸಾಲು, ಊಟದಲ್ಲಿ, ನಿದ್ದೆಯ ಅಂಚಿನಲ್ಲಿ ತಾನಾಗಿ ತಿರುಗಿ ಬಂದರೆ ಅದನ್ನು ಯಾರೂ ಕಾಟ ಎನ್ನುವುದಿಲ್ಲ.

ಬೇಸರವೇ ಆದರೆ ಉಪಾಯವಿದೆ. ಚ್ಯೂಯಿಂಗ್ ಗಮ್ ಅಗಿದರೆ ಹಾಡು ತಲೆಯಲ್ಲಿ ಸುಳಿಯುವುದು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು; ಬಾಯಿ ತಾನು ಅಗಿಯುತ್ತಿರುವಾಗ ಒಳಗೊಳಗೇ ಹಾಡುವುದು ಕಷ್ಟ. ಬಲವಂತವಾಗಿ ಮರೆಯಲು ಹೋಗುವುದು ಮಾತ್ರ ಬೇಡ, ಒತ್ತಿದಷ್ಟೂ ಅದು ಎದ್ದು ಬರುತ್ತದೆ.

ಹೋದ ವಾರ ನಾನು ಮೊಬೈಲಿನಲ್ಲಿ ಆ ಹಾಡನ್ನು ಹುಡುಕಿ ಪೂರ್ತಿ ಹಚ್ಚಿದೆ. ಅವ್ವ ಕೈಗಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ಕೇಳಿದಳು. ಮರುದಿನ ಗಾಡಿ ಬಂತು, ಮೂಲೆ ತಿರುಗಿತು, ಸಾಲು ಎಂದಿನ ಜಾಗದಲ್ಲೇ ಕಡಿದುಹೋಯಿತು. ಅಡುಗೆಮನೆಯಿಂದ ಅವ್ವನ ದನಿ ಅಲ್ಲಿಂದಲೇ ಎತ್ತಿಕೊಂಡು ಚರಣಕ್ಕೆ ಹೋಯಿತು.