ಟೀ ಶರ್ಟ್ ಎಷ್ಟು ಮಾಡಿಸಿದರೆ ಲಾಭ?

ಪ್ರಶ್ನೆ: ನಮ್ಮದು ಬಸವನಗುಡಿಯ ನಾಲ್ವರ ಬ್ಯಾಂಡ್. ಕಾರ್ಯಕ್ರಮಗಳಲ್ಲಿ ಮಾರಲು ಬ್ಯಾಂಡ್ ಹೆಸರಿನ ಟೀ ಶರ್ಟ್ ಮಾಡಿಸಬೇಕೆಂದಿದ್ದೇವೆ. ಕೈಗೆ ನಾಲ್ಕು ಕಾಸು ಉಳಿಯಬೇಕಾದರೆ ಎಷ್ಟು ಮಾಡಿಸಬೇಕು ಸರ್?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಕೇಳುವವರೆಲ್ಲ ಒಂದು ನಂಬಿಕೆಯನ್ನು ಮೊದಲೇ ಹೊತ್ತು ಬಂದಿರುತ್ತಾರೆ: ಹೆಚ್ಚು ಮಾಡಿಸಿದಷ್ಟೂ ಒಂದೊಂದರ ಅಸಲು ಇಳಿಯುತ್ತದೆ, ಆದ್ದರಿಂದ ಲಾಭ ಏರುತ್ತದೆ. ಇದರಲ್ಲಿ ಮೊದಲ ಮಾತು ನಿಜ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ವಿನ್ಯಾಸದ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ತಯಾರಾಗಬೇಕು, ಆ ಖರ್ಚು 20 ಶರ್ಟಿಗೂ 300 ಶರ್ಟಿಗೂ ಒಂದೇ. ಎರಡನೆಯ ಮಾತು ಮಾತ್ರ ಶುದ್ಧ ತಪ್ಪು.

ಕಾಗದದ ಮೇಲೆ ಬರೆದು ನೋಡಿ. 100 ಶರ್ಟಿಗೆ ತಲಾ 200 ರೂಪಾಯಿ ಎಂದರೆ 20,000 ರೂಪಾಯಿ. 300 ಶರ್ಟಿಗೆ ತಲಾ 150 ಎಂದರೆ 45,000. ಮಾರುವ ಬೆಲೆ 400 ಇಟ್ಟು 80 ಶರ್ಟ್ ಮಾರಿದರೆ ಬರುವುದು 32,000. ನೂರು ಮಾಡಿಸಿದವರಿಗೆ 12,000 ಉಳಿಯಿತು, ಮುನ್ನೂರು ಮಾಡಿಸಿದವರು 13,000 ಕಳೆದುಕೊಂಡರು. ಅವರು ಹಾಕಿದ ದುಡ್ಡು ಮರಳಬೇಕಾದರೆ 113ನೆಯ ಶರ್ಟ್ ಮಾರಾಟವಾಗಬೇಕು. ಲಾಭವನ್ನು ತೀರ್ಮಾನಿಸುವುದು ಮಾರಿಹೋದ ಶರ್ಟು, ಮುದ್ರಣವಾದ ಶರ್ಟಲ್ಲ.

ಹಿಂದೊಮ್ಮೆ ನಾನೂ ಮುನ್ನೂರು ಮಾಡಿಸಿದ್ದೆ, ಬೆನ್ನ ಮೇಲೆ ಆ ವರ್ಷದ ಕಾರ್ಯಕ್ರಮಗಳ ದಿನಾಂಕಗಳೊಂದಿಗೆ. ಎಲ್ ಅಳತೆಯವು ಮೊದಲು ಮುಗಿದವು. ಎಸ್ ಮತ್ತು ಡಬಲ್ ಎಕ್ಸ್‌ಎಲ್ ಮಂಚದ ಕೆಳಗಿನ ಡಬ್ಬದಲ್ಲಿ ಎರಡು ಮಳೆಗಾಲ ಕಳೆದು, ಮಡಿಕೆಯ ಗುಂಟ ಹಳದಿ ಗೆರೆ ಹಿಡಿದು, ಒಗೆದರೂ ಮುಗ್ಗಲು ವಾಸನೆ ಬಿಡದಂತಾದವು. ದಿನಾಂಕ ಹಾಕಿಸಿದ್ದರಿಂದ ಮರುವರ್ಷ ಅವನ್ನು ಮೇಜಿನ ಮೇಲೆ ಇಡುವಂತೆಯೂ ಇರಲಿಲ್ಲ.

ಆದ್ದರಿಂದ ಇನ್‌ಸ್ಟಾಗ್ರಾಂನ ಸಂಖ್ಯೆಯನ್ನು ಬದಿಗಿಟ್ಟು, ಕಳೆದ ಮೂರು ಕಾರ್ಯಕ್ರಮಗಳಿಗೆ ಎಷ್ಟು ಜನ ಟಿಕೆಟ್ ಕೊಂಡು ಬಂದರು ಎಂಬುದನ್ನು ನೋಡಿ. ಮುದ್ರಣಕ್ಕೆ ಕೊಡುವ ಮುನ್ನವೇ ಅಳತೆ ಕೇಳಿ, ಹಣ ಪಡೆದು, ಬಂದ ಆರ್ಡರಿನ ಮೇಲೆ ಹತ್ತಿಪ್ಪತ್ತು ಮಾತ್ರ ಹೆಚ್ಚಿಗೆ ಮಾಡಿಸಿ. ಆರ್ಡರ್ ತೀರಾ ಕಡಿಮೆಯಿದ್ದರೆ ಫಿಲ್ಮ್ ಮೇಲೆ ಮುದ್ರಿಸಿ ಬಿಸಿ ಒತ್ತಿ ಅಂಟಿಸುವ ಡಿಟಿಎಫ್ ವಿಧಾನ ಸಾಕು, ಅದಕ್ಕೆ ಸ್ಕ್ರೀನಿನ ಖರ್ಚೇ ಇಲ್ಲ. ಸ್ಕ್ರೀನೇ ಬೇಕೆಂದರೆ ವಿನ್ಯಾಸವನ್ನು ಎರಡು ಬಣ್ಣಕ್ಕೆ ಇಳಿಸಿ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಿಬಿಡಬೇಕು. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಿಮಗೆ ಕಾರ್ಯಕ್ರಮದ ಸಂಭಾವನೆಯೂ ಬರುವುದರಿಂದ, ಅದು ಸೇವೆಯಾದ್ದರಿಂದ, ಎರಡೂ ಸೇರಿ ಮಿತಿ 20 ಲಕ್ಷ. ಆದರೆ ಈ ಮಿತಿಗಳು ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಅತ್ತಿಬೆಲೆಯ ಅಭಿಮಾನಿಗೆ ಶರ್ಟ್ ಕೊರಿಯರ್ ಮಾಡಲು ಅಡ್ಡಿಯಿಲ್ಲ. ಕೆಲವೇ ಕಿಲೋಮೀಟರ್ ಆಚೆಯ ಹೊಸೂರು ತಮಿಳುನಾಡಾದ್ದರಿಂದ, ಅಲ್ಲಿಗೆ ಒಂದೇ ಶರ್ಟ್ ಮಾರಿ ಕಳಿಸುವುದಾದರೂ ಮೊದಲು ನೋಂದಣಿ ಮಾಡಿಸಿಕೊಳ್ಳಲೇಬೇಕು.